ವಿಶೇಷ ಅಗತ್ಯದ ಮಗುವಿನ ದತ್ತು: ಮೊದಲು ಕಾಗದ, ಆಮೇಲೆ ಲೆಕ್ಕ, ಕೊನೆಗೆ ವಿಮೆ

ದವಾಖಾನೆಯ ಬಿಲ್ಲಿಗೆ ಅಂಜಿ ದತ್ತು ವಿಚಾರವನ್ನೇ ಕೈಬಿಡುವವರು ಬಹಳ. ಲೆಕ್ಕ ಹಾಕಿ ನೋಡಿದರೆ ಸಂಸಾರವನ್ನು ಸುಸ್ತು ಮಾಡುವುದು ಒಂದು ದೊಡ್ಡ ಆಪರೇಷನ್ ಅಲ್ಲ. ವಾರಕ್ಕೆ ಮೂರು ಸಲದ ಥೆರಪಿ, ಅದಕ್ಕೆ ಹೋಗಿಬರುವ ಖರ್ಚು, ಮಗುವಿನ ಜೊತೆ ಇರಲು ಮನೆಯಲ್ಲೊಬ್ಬರು ಬಿಡುವ ನೌಕರಿ, ಇವು ಮಾಡುತ್ತವೆ. ಆಪರೇಷನ್ನಿಗೆ ಕೈಹಿಡಿಯುವ ಸರ್ಕಾರಿ ಯೋಜನೆ ನಾಲ್ಕಾರಿವೆ. ಥೆರಪಿಗೆ ಇರುವುದು ಹೆಚ್ಚುಕಡಿಮೆ ಒಂದೇ, ಅದೂ ಅರೆಬರೆ. ಖಾಸಗಿ ಆರೋಗ್ಯ ವಿಮೆಯಂತೂ ಮಗುವನ್ನು ಅಡ್ಮಿಟ್ ಮಾಡಿದರೆ ದುಡ್ಡು ಕೊಡುತ್ತದೆ, ಮನೆಯಿಂದ ಥೆರಪಿಗೆ ಓಡಾಡುವ ಮಗುವಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ವಿಮಾ ಏಜೆಂಟರಿಗೆ ಫೋನ್ ಮಾಡುವುದು ಈ ಕೆಲಸದ ಮೊದಲ ಹೆಜ್ಜೆಯಲ್ಲ, ಬಹುಶಃ ಐದನೆಯದು.

ಒಪ್ಪಿಗೆ ಕೊಡುವ ಮುನ್ನ ವೈದ್ಯಕೀಯ ವರದಿ ಓದಿಸಿ

ದತ್ತು ನಡೆಯಬೇಕಾದದ್ದು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಕೇರಿಂಗ್ಸ್ ಎಂಬ ಪೋರ್ಟಲ್ ಮೂಲಕ. ಜಿಲ್ಲೆಯಲ್ಲಿ ಮಾರ್ಗದರ್ಶನ ಬೇಕಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಶುಲ್ಕ ಎಷ್ಟೆಂಬುದು 2022ರ ದತ್ತು ನಿಯಮಾವಳಿಯ ಅನುಸೂಚಿಯಲ್ಲೇ ಇದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಕೊಡಬೇಕಿಲ್ಲ, ಕೊಟ್ಟದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ಈ ನಿಯಮದಲ್ಲಿ ವಿಶೇಷ ಅಗತ್ಯದ, ಇಲ್ಲವೇ ಸುಲಭವಾಗಿ ಮನೆ ಸಿಗದ ಮಕ್ಕಳನ್ನು ಪಡೆಯಲು ಮಾತ್ರ ಅವಕಾಶ.

ಪೋರ್ಟಲ್‌ನಲ್ಲಿ ಮಗುವಿನ ಜೊತೆ ಎರಡು ಕಾಗದ ಕಾಣುತ್ತವೆ: ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ತಪಾಸಣಾ ವರದಿ. ಎರಡನೆಯದೇ ನಿಮ್ಮ ಬಜೆಟ್ಟಿನ ತಳಪಾಯ. ಅದನ್ನು ಪ್ರಿಂಟ್ ತೆಗೆದು, ಸಂಬಂಧಿಕರಲ್ಲದ ಮಕ್ಕಳ ತಜ್ಞರೊಬ್ಬರಿಗೆ ತೋರಿಸಿ ನಾಲ್ಕು ಪ್ರಶ್ನೆ ಕೇಳಿ. ಇದು ಒಂದೆರಡು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥದ್ದೋ, ಜೀವನಪೂರ್ತಿ ಇರುವಂಥದ್ದೋ? ಮುಂದಿನ ಎರಡು ವರ್ಷದಲ್ಲಿ ಯಾವ ಪರೀಕ್ಷೆ, ಯಾವ ಆಪರೇಷನ್, ಅದು ಇಲ್ಲೇ ಆಗುತ್ತದೋ ಬೆಂಗಳೂರಿಗೇ ಹೋಗಬೇಕೋ? ಯಾವ ಥೆರಪಿ, ವಾರಕ್ಕೆ ಎಷ್ಟು ಸಲ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಇದು ಯಾವುದು, ಪ್ರಮಾಣ 40 ಶೇಕಡ ಮುಟ್ಟಬಹುದೇ?

ಸೀಳುತುಟಿ, ಸೊಟ್ಟ ಪಾದ ಇರುವ ಮಗುವಿನ ಖರ್ಚು ಮೊದಲ ಕೆಲವು ವರ್ಷಗಳಲ್ಲಿ ಗುಂಪಾಗಿ ಬಂದು ಇಳಿಯುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಗುವಿನ ಖರ್ಚು ತಿಂಗಳು ತಿಂಗಳೂ ಬರುತ್ತದೆ, ಇಳಿಯುವುದು ಅಪರೂಪ. ಎರಡಕ್ಕೂ ಒಂದೇ ಯೋಜನೆ ಹೊಂದುವುದಿಲ್ಲ.

ವರದಿಯಲ್ಲಿ ಏನಿದೆ ಎಂಬುದರ ಜೊತೆ ಏನಿಲ್ಲ ಎಂಬುದನ್ನೂ ನೋಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ಹುಟ್ಟು ದೋಷ ಇರುತ್ತದೆ. ವರದಿಯಲ್ಲಿ ಎಕೋ ಎಂಬ ಹೃದಯದ ಸ್ಕ್ಯಾನ್, ಥೈರಾಯ್ಡ್ ಪರೀಕ್ಷೆ ಕಾಣದಿದ್ದರೆ ಮಾಡಿಸಿಕೊಡಲು ದತ್ತು ಸಂಸ್ಥೆಗೆ ಲಿಖಿತವಾಗಿ ಕೇಳಿ. ಮಾತು ಬಾರದ ಮಗುವಿಗೆ ಬೆರಾ ಎಂಬ ಕಿವಿಯ ಪರೀಕ್ಷೆ ಆಗಿದೆಯೇ? ಮಗು ಮನೆಗೆ ಬಂದ ಮೇಲೆ ಇವೆಲ್ಲ ನಿಮ್ಮ ಜೇಬಿನಿಂದಲೇ.

ಕಾಗದದ ಸರತಿ

ಹಣ ಸಿಗದೆ ಒದ್ದಾಡುವ ಹೆಚ್ಚಿನ ಮನೆಗಳಲ್ಲಿ ಯೋಜನೆಯ ಕೊರತೆ ಇರುವುದಿಲ್ಲ, ಕಾಗದಗಳು ಹಿಂದುಮುಂದಾಗಿರುತ್ತವೆ. ಸರತಿ ಇದು: ದತ್ತು ಪೂರ್ವ ಪೋಷಣೆಯ ಮುಚ್ಚಳಿಕೆ (ಆದೇಶ ಬರುವತನಕ ಮಗುವನ್ನು ಸಾಕಲು ಬರೆದುಕೊಡುವ ಕಾಗದ), ಜಿಲ್ಲಾಧಿಕಾರಿಗಳ ದತ್ತು ಆದೇಶ, ನಿಮ್ಮ ಹೆಸರು ತಂದೆತಾಯಿ ಎಂದು ಇರುವ ಜನನ ಪ್ರಮಾಣಪತ್ರ, ಆಧಾರ್, ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಆಮೇಲೆ ಪಡಿತರ ಚೀಟಿ ಮತ್ತು ವಿಮೆಗಳು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಹಳೆಯ ವಕೀಲರು ಕೆಲವರು ಈಗಲೂ ಕೋರ್ಟಿಗೆ ಹಾಕೋಣ ಅನ್ನುತ್ತಾರೆ, ಕೇಳಬೇಡಿ.

ಎಡವುವುದು ಹೆಸರಿನಲ್ಲಿ. ಸಂಸ್ಥೆಯಲ್ಲಿದ್ದಾಗ ಮಗುವಿಗೆ ಒಂದು ಹೆಸರು ಇರುತ್ತದೆ, ದವಾಖಾನೆಯ ಹಳೆಯ ಚೀಟಿಗಳೆಲ್ಲ ಅದೇ ಹೆಸರಿನಲ್ಲಿ. ನೀವು ಇಟ್ಟ ಹೆಸರು ಆದೇಶದಲ್ಲಿ ಬರುತ್ತದೆ. ಅದಕ್ಕೂ ಮುಂಚೆಯೇ ಅವಸರ ಮಾಡಿ ಹಳೆಯ ಹೆಸರಿನಲ್ಲಿ ಯುಡಿಐಡಿ ಮಾಡಿಸಿದರೆ, ಮುಂದೆ ಆಧಾರ್ ಒಂದು ಹೇಳುತ್ತದೆ, ಯುಡಿಐಡಿ ಇನ್ನೊಂದು, ವಿಮೆಯವರು ಎರಡನ್ನೂ ಒಪ್ಪುವುದಿಲ್ಲ. ಸಂಸ್ಥೆಯಿಂದ ಮಗುವನ್ನು ಕರೆತರುವ ದಿನವೇ, ಹಳೆಯ ಹೆಸರಿನ ಮತ್ತು ಹೊಸ ಹೆಸರಿನ ಮಗು ಒಂದೇ ಎಂದು ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಅರ್ಧ ಹಾಳೆಯ ಕೆಲಸ. ಚುಚ್ಚುಮದ್ದಿನ ಕಾರ್ಡ್, ಹಳೆಯ ಸ್ಕ್ಯಾನ್ ಫಿಲ್ಮ್‌ಗಳ ಮೂಲಪ್ರತಿಯನ್ನೂ ಅಂದೇ ಕೇಳಿ. ನಾಳೆ ಕಳಿಸುತ್ತೇವೆ ಅಂದದ್ದು ಬರುವುದು ಕಷ್ಟ.

ಯುಡಿಐಡಿಗೆ ಅರ್ಜಿ ಆನ್‌ಲೈನ್‌ನಲ್ಲಿ, ತಪಾಸಣೆ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯಲ್ಲಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು.), ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯು.) ಈ ಕೆಲಸಕ್ಕೇ ಇದ್ದಾರೆ. ಮಂಡಳಿ ಕೂರುವ ವಾರ ಯಾವುದೆಂದು ಅವರನ್ನು ಕೇಳಿಕೊಂಡು ಹೋದರೆ ಒಂದು ಸುತ್ತು ಉಳಿಯುತ್ತದೆ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅದು ಮುಗಿದರೆ ಅದಕ್ಕೆ ನೇತುಬಿದ್ದ ವಿಮೆ, ತೆರಿಗೆ ವಿನಾಯಿತಿ, ಪಾಸು ಎಲ್ಲವೂ ಅಲ್ಲಿಗೇ ನಿಲ್ಲುತ್ತವೆ.

ಮಗು ಮನೆಗೆ ಬಂದ ದಿನಕ್ಕೂ ಆದೇಶ ಕೈಸೇರುವ ದಿನಕ್ಕೂ ನಡುವೆ ಕೆಲವು ತಿಂಗಳು ಹೋಗುತ್ತವೆ. ಈ ಅವಧಿಯಲ್ಲಿ ಹೆಚ್ಚಿನ ಖಾಸಗಿ ವಿಮೆ, ಪಡಿತರ ಚೀಟಿ ಆಧಾರಿತ ಯೋಜನೆಗಳಲ್ಲಿ ಮಗುವಿನ ಹೆಸರು ಇರುವುದಿಲ್ಲ. ಹಾಗಾಗಿ ಕರೆತರುವ ಮುನ್ನವೇ ಕನಿಷ್ಠ ನಾಲ್ಕು ತಿಂಗಳ ಥೆರಪಿ ಖರ್ಚು ಮತ್ತು ಒಂದು ಅನಿರೀಕ್ಷಿತ ಅಡ್ಮಿಷನ್‌ನಷ್ಟು ನಗದು ಉಳಿತಾಯ ಖಾತೆಯಲ್ಲಿ ಇರಲಿ. ಕಂಪನಿಯ ಗುಂಪು ವಿಮೆ ಇದ್ದರೆ ಪೋಷಣೆಯ ಮುಚ್ಚಳಿಕೆಯ ಮೇಲೆಯೇ ಮಗುವನ್ನು ಸೇರಿಸುತ್ತಾರೆಯೇ ಎಂದು ಎಚ್‌ಆರ್‌ಗೆ ಈಮೇಲ್‌ನಲ್ಲಿ ಕೇಳಿ. ಬಾಯಿಮಾತಿನ ಉತ್ತರಕ್ಕೆ ಬೆಲೆಯಿಲ್ಲ.

ತಿಂಗಳ ಲೆಕ್ಕ

ಲೆಕ್ಕ ಹಾಕುವ ರೀತಿ ಗೊತ್ತಾಗಲಿ ಎಂದು ಒಂದು ಮಾದರಿ. ಇಲ್ಲಿನ ದರಗಳು ಬರೀ ಉದಾಹರಣೆ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಮೂರು ವರ್ಷದ, ಸೆರೆಬ್ರಲ್ ಪಾಲ್ಸಿ ಇರುವ ಮಗು, ಮನೆ ಬಾಗಲಕೋಟೆಯ ನವನಗರ.

ಫಿಜಿಯೋಥೆರಪಿ ತಿಂಗಳಿಗೆ 12 ಸಲ, 400ರಂತೆ 4,800
ಸ್ಪೀಚ್ ಥೆರಪಿ 8 ಸಲ, 500ರಂತೆ 4,000
ಆಟೋ, ಬಸ್ಸು 20 ಸಲ, 150ರಂತೆ 3,000
ಕಾಲಿನ ಸ್ಪ್ಲಿಂಟ್ (ಪಾದವನ್ನು ಸರಿಯಾಗಿ ಹಿಡಿದಿಡುವ ಆಸರೆ), ವರ್ಷಕ್ಕೆ ಎರಡು ಜೋಡಿ, ತಿಂಗಳಿಗೆ ಹಂಚಿದರೆ 1,350
ಡೈಪರ್ 1,450
ಮೂರ್ಛೆಯ ಔಷಧ 1,200
ಆರು ತಿಂಗಳಿಗೊಮ್ಮೆ ಬೆಂಗಳೂರು, 18,000ದಂತೆ, ತಿಂಗಳಿಗೆ 3,000

ಒಟ್ಟು 18,800. ವರ್ಷಕ್ಕೆ 2,25,600. ಇದರಲ್ಲಿ ಆಪರೇಷನ್ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಇದರ ಮೇಲೆ ಒಬ್ಬರ ಪಗಾರ ನಿಂತರೆ ಅದನ್ನೂ ಖರ್ಚಿನ ಕಡೆಯೇ ಬರೆಯಬೇಕು. ಸ್ಪ್ಲಿಂಟ್ ಜನ ಮರೆಯುವ ಬಾಬು: ಮಗು ಬೆಳೆದಂತೆ ಚಿಕ್ಕದಾಗುತ್ತದೆ. ಬಿಗಿಯಾದದ್ದನ್ನೇ ಇನ್ನೆರಡು ತಿಂಗಳು ಹಾಕೋಣ ಎಂದು ತಳ್ಳಿದರೆ ಹಿಮ್ಮಡಿಯ ಹತ್ತಿರ ಹುಣ್ಣಾಗಿ ಥೆರಪಿಯೇ ನಿಲ್ಲುತ್ತದೆ. ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆದ ಮಗುವಿದ್ದರೆ ಸ್ಪ್ಲಿಂಟ್ ಜಾಗದಲ್ಲಿ ಬ್ಯಾಟರಿ, ವೈರು, ಹೊರಗಿನ ಪ್ರೊಸೆಸರ್‌ನ ದುರಸ್ತಿ ಬರೆಯಿರಿ. ಶಸ್ತ್ರಚಿಕಿತ್ಸೆ ಉಚಿತವಾದರೂ ಇವು ಕೈಖರ್ಚಾಗಿ ಉಳಿಯುತ್ತವೆ.

ಪಗಾರದ ಮನೆಗೆ ಈ ಲೆಕ್ಕ ಸಾಕು. ಒಕ್ಕಲುತನದ ಮನೆಗೆ ಸಾಲದು. ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬಿನ ಬಿಲ್ಲು ಕಂತಿನಲ್ಲಿ ಬರುತ್ತದೆ, ಕೆಲವೊಮ್ಮೆ ಕಂತೂ ತಡ. ವಿಜಯಪುರದ ದ್ರಾಕ್ಷಿ ವರ್ಷಕ್ಕೊಮ್ಮೆ. ಥೆರಪಿಯವರು ಮಾತ್ರ ವಾರವಾರ ಕೇಳುತ್ತಾರೆ. ಬಿಲ್ಲು ಕೈಗೆ ಬಂದ ವಾರವೇ, ಸೊಸೈಟಿ ಸಾಲ ತೀರಿಸುವ ಮುನ್ನ, ಮಗುವಿನ ಹನ್ನೆರಡು ತಿಂಗಳ ಖರ್ಚನ್ನು ಬೇರೆ ತೆಗೆಯಿರಿ. ಅದನ್ನು ನಾಲ್ಕು ಠೇವಣಿ ಮಾಡಿ, ಮೂರು ತಿಂಗಳಿಗೊಂದು ಮುಗಿಯುವ ಹಾಗೆ. ಒಂದೇ ದೊಡ್ಡ ಠೇವಣಿ ಇಟ್ಟರೆ ಬೋರ್‌ವೆಲ್ ಕೆಟ್ಟ ದಿನ ಅದು ಪೂರ್ತಿ ಒಡೆಯುತ್ತದೆ. ಥೆರಪಿಯಲ್ಲಿ ಮೂರು ತಿಂಗಳ ಅಂತರ ಬಿದ್ದರೆ ಮಗು ಕಲಿತದ್ದು ಹಿಂದಕ್ಕೆ ಹೋಗುತ್ತದೆ, ಮತ್ತೆ ಅಷ್ಟೇ ದುಡ್ಡು ಸುರಿಯಬೇಕು.

ಓಡಾಟದ ಖರ್ಚು ಇಳಿಸಲು ಯುಡಿಐಡಿ ಬಂದ ಕೂಡಲೇ ಬಸ್ ಪಾಸು ಮಾಡಿಸಿ. ಬೆಳಗಾವಿ, ಬಾಗಲಕೋಟೆಯವರು ವಾಯವ್ಯ ಸಾರಿಗೆಗೆ, ವಿಜಯಪುರದವರು ಕಲ್ಯಾಣ ಕರ್ನಾಟಕ ಸಾರಿಗೆಗೆ ಅರ್ಜಿ ಹಾಕಬೇಕು. ರೈಲಿನಲ್ಲಿ ಬೌದ್ಧಿಕ ವಿಕಲತೆ ಇರುವವರಿಗೆ, ಜೊತೆಯಿಲ್ಲದೆ ಪಯಣಿಸಲಾಗದ ಚಲನ ವಿಕಲತೆ ಇರುವವರಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ 75 ಶೇಕಡ ರಿಯಾಯಿತಿ ಇದೆ, ಜೊತೆಗಿರುವ ಒಬ್ಬರಿಗೂ ಅಷ್ಟೇ. ಬೆಂಗಳೂರಿಗೆ ಆರು ತಿಂಗಳಿಗೊಮ್ಮೆ ಹೋಗುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ರೈಲ್ವೆ ಕೇಳುವುದು ತನ್ನದೇ ಗುರುತಿನ ಚೀಟಿ, ಅದನ್ನು ಮೊದಲೇ ಮಾಡಿಸಿಡಿ.

ಸರ್ಕಾರದ ದುಡ್ಡು ಎಲ್ಲಿ ಸಿಗುತ್ತದೆ

ಮೊದಲು ಹೋಗಬೇಕಾದ ಬಾಗಿಲು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ, ಡಿಇಐಸಿ ಎನ್ನುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಹೃದಯದ ಹುಟ್ಟು ದೋಷ, ಸೀಳುತುಟಿ, ಸೊಟ್ಟ ಪಾದದಂಥವಕ್ಕೆ ಚಿಕಿತ್ಸೆಯ ದಾರಿ ಇಲ್ಲಿಂದ. ಆರು ವರ್ಷದೊಳಗಿನ ಕಿವುಡು ಮಗುವಾದರೆ ಕಾಕ್ಲಿಯರ್ ಇಂಪ್ಲಾಂಟಿನ ಸರ್ಕಾರಿ ಯೋಜನೆ ಶ್ರವಣ ಸಂಜೀವಿನಿಯ ಬಗ್ಗೆ ಇಲ್ಲೇ ಕೇಳಿ, ವಯಸ್ಸು ಕಳೆದರೆ ಅವಕಾಶವೂ ಕಳೆಯಿತು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ) 30 ಶೇಕಡ, 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಕಡೆಯ ಜನ ಸೋಲುವುದು ಇಲ್ಲೇ: ಬೆಳಗಾವಿಯವರು ನೇರ ಮೀರಜಿಗೆ, ವಿಜಯಪುರದವರು ನೇರ ಸೊಲ್ಲಾಪುರಕ್ಕೆ ಹೋಗಿ ಅಡ್ಮಿಟ್ ಮಾಡಿಸಿ ಆಮೇಲೆ ಕಾರ್ಡ್ ತೆಗೆಯುತ್ತಾರೆ. ಗಡಿ ದಾಟುವ ಮುನ್ನ ಆ ಆಸ್ಪತ್ರೆ ನಿಮ್ಮ ಕಾರ್ಡಿಗೆ ಒಪ್ಪುತ್ತದೆಯೇ ಎಂದು ಕೇಳಿ, ರೆಫರಲ್ ಕೈಯಲ್ಲಿ ಹಿಡಿದು ಹೊರಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ. ನೋಂದಣಿ ವರ್ಷದ ಕೆಲವೇ ತಿಂಗಳು ತೆರೆದಿರುತ್ತದೆ, ಆಗ ಮಗುವಿನ ಹೆಸರು ಹಾಕಿಸಿ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಂಥ ಕಡೆ ದುಡಿಯುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅದನ್ನು ಬಿಡಲೇಬೇಡಿ. ದತ್ತು ಮಗು ಅದರಲ್ಲಿ ಕುಟುಂಬದ ಸದಸ್ಯನೇ. ಅಂಗವೈಕಲ್ಯದಿಂದ ಪೂರ್ತಿ ನಿಮ್ಮನ್ನೇ ನೆಚ್ಚಿದ ಮಗ ಅಥವಾ ಮಗಳಿಗೆ ವಯಸ್ಸು ದಾಟಿದರೂ ಸೌಲಭ್ಯ ಮುಂದುವರಿಯುತ್ತದೆ. ಬೆಳಗಾವಿಯಲ್ಲಿ ಮಾಜಿ ಸೈನಿಕರ ಮನೆ ಬಹಳ. ಅವರು ದತ್ತು ಆದೇಶ ಬಂದ ಕೂಡಲೇ ರೆಕಾರ್ಡ್ ಆಫೀಸಿಗೆ ಬರೆದು ಮಗುವಿನ ಹೆಸರನ್ನು ದಾಖಲೆಗೆ ಏರಿಸಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡೂ ಮುಂದಿನ ಕುಟುಂಬ ಪಿಂಚಣಿಯೂ ಆ ದಾಖಲೆಯ ಮೇಲೆಯೇ ನಿಂತಿವೆ.

ಥೆರಪಿಗೆ ದುಡ್ಡು ಕೊಡುವ ಆ ಒಂದು ಯೋಜನೆ ನಿರಾಮಯ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ್ದು (ನ್ಯಾಷನಲ್ ಟ್ರಸ್ಟ್). ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ, ಈ ನಾಲ್ಕಕ್ಕೆ ಮಾತ್ರ. ಡೌನ್ ಸಿಂಡ್ರೋಮ್ ಬೌದ್ಧಿಕ ವಿಕಲತೆಯಡಿ ಬರುತ್ತದೆ, ಬರೀ ಕಿವುಡುತನ ಬರುವುದಿಲ್ಲ. ವರ್ಷಕ್ಕೆ ಒಟ್ಟು 1 ಲಕ್ಷ. ಮೊದಲ ನೋಂದಣಿಗೆ ಬಿಪಿಎಲ್‌ಗೆ 250, ಉಳಿದವರಿಗೆ 500 ರೂಪಾಯಿ. ಮುಂಚಿನಿಂದ ಇರುವ ಕಾಯಿಲೆ ಎಂಬ ತಕರಾರು ಇಲ್ಲ, ವೈದ್ಯಕೀಯ ಪರೀಕ್ಷೆ ಇಲ್ಲ, ಇಂಥದ್ದೇ ಆಸ್ಪತ್ರೆ ಎಂಬ ಪಟ್ಟಿಯೂ ಇಲ್ಲ. ಆದರೆ ಆ 1 ಲಕ್ಷ ಒಂದೇ ಚೀಲವಲ್ಲ: ಶಸ್ತ್ರಚಿಕಿತ್ಸೆಗೆ ಇಷ್ಟು, ಹೊರರೋಗಿ ಚಿಕಿತ್ಸೆಗೆ ಇಷ್ಟು, ಥೆರಪಿಗೆ ಇಷ್ಟು ಎಂದು ಒಳಗೆ ಹಂಚಿದೆ. ಥೆರಪಿಯ ಪಾಲು ಸಣ್ಣದು, ಮೇಲಿನ ಮಾದರಿ ಲೆಕ್ಕದ 8,800 ರೂಪಾಯಿಯ ತಿಂಗಳ ಥೆರಪಿಗೆ ವರ್ಷಪೂರ್ತಿ ಸಾಲುವುದಿಲ್ಲ. ಮೊದಲು ನೀವು ಕೊಟ್ಟು ಆಮೇಲೆ ವಾಪಸು ಪಡೆಯುವ ಪದ್ಧತಿ. ಅದಕ್ಕೆ ಥೆರಪಿಸ್ಟರ ಬಿಲ್ಲಿನಲ್ಲಿ ದಿನಾಂಕ, ಮಗುವಿನ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಸಹಿ ನಾಲ್ಕೂ ಇರಬೇಕು. ಪುಟ್ಟ ಚೀಟಿಯಲ್ಲಿ ‘ಥೆರಪಿ 10, ಪಾವತಿ’ ಎಂದು ಗೀಚಿಸಿಕೊಂಡು ಬಂದರೆ ಅದು ರದ್ದಿಗೆ.

ಖಾಸಗಿ ಆರೋಗ್ಯ ವಿಮೆ

ಇಷ್ಟಾದ ಮೇಲೆ ಏಜೆಂಟರನ್ನು ಕರೆಯಿರಿ. 2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಪ್ರತಿ ಆರೋಗ್ಯ ವಿಮಾ ಕಂಪನಿಯೂ ವಿಕಲಚೇತನರಿಗೆ ಒಂದು ಪಾಲಿಸಿ ಇಡಲೇಬೇಕೆಂದು ಹೇಳಿತು. ಏಜೆಂಟರು ‘ಇಂಥ ಮಕ್ಕಳಿಗೆ ಬರಲ್ಲ ಸಾರ್’ ಅಂದರೆ ಕಂಪನಿಯ ವೆಬ್‌ಸೈಟಿನಲ್ಲಿ ನೀವೇ ಹುಡುಕಿ.

ಮನೆಯವರೆಲ್ಲರ ಫ್ಲೋಟರ್ ಪಾಲಿಸಿಗೆ ಮಗುವನ್ನು ಸೇರಿಸುವಾಗ ಮೂರು ವಿಷಯ ನೋಡಿ. ಮುಂಚಿನಿಂದ ಇರುವ ಕಾಯಿಲೆಗೆ ಕಾಯುವ ಅವಧಿ 2024ರ ನಿಯಮದ ಪ್ರಕಾರ 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಆದರೆ ಆ ಎಣಿಕೆ ಶುರುವಾಗುವುದು ಮಗು ಸೇರಿದ ದಿನದಿಂದ, ನಿಮ್ಮ ಪಾಲಿಸಿ ಎಷ್ಟು ಹಳೆಯದು ಎಂಬುದರಿಂದಲ್ಲ. ಎರಡನೆಯದು, ‘ಶಾಶ್ವತವಾಗಿ ಹೊರಗಿಟ್ಟದ್ದು’ ಎಂಬ ಸಾಲು. ಮೂರ್ಛೆ, ಹೃದಯದ ಹುಟ್ಟು ದೋಷ, ಕಿವುಡುತನವನ್ನು ಅಲ್ಲಿ ಸೇರಿಸಿ ಕಳಿಸುವುದುಂಟು. ಸಹಿ ಹಾಕುವ ಮುನ್ನ ಆ ಸಾಲು ಓದಿ, ಅದು ನಿಮ್ಮ ಮಗುವಿನ ಮುಖ್ಯ ತೊಂದರೆಯೇ ಆಗಿದ್ದರೆ ಆ ಪಾಲಿಸಿಗೆ ಪ್ರೀಮಿಯಂ ಕಟ್ಟಿ ಏನುಪಯೋಗ? ಮೂರನೆಯದು, ಥೆರಪಿ ಮತ್ತು ಹೊರರೋಗಿ ಖರ್ಚು ಇದೆಯೇ? ಇಲ್ಲ ಎಂದೇ ಉತ್ತರ ಬರುವುದು ಹೆಚ್ಚು.

ಏನನ್ನೂ ಮುಚ್ಚಿಡಬೇಡಿ. ಮಗುವಿನ ವೈದ್ಯಕೀಯ ತಪಾಸಣಾ ವರದಿ ದತ್ತು ದಾಖಲೆಯಲ್ಲೇ ಇರುತ್ತದೆ. ಪ್ರೀಮಿಯಂ ಕಡಿಮೆಯಾಗಲಿ ಎಂದು ಬಚ್ಚಿಟ್ಟದ್ದು ಕ್ಲೇಮ್ ದಿನ ಹೊರಬೀಳುತ್ತದೆ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ, 30 ದಿನದಲ್ಲಿ ಬಗೆಹರಿಯದಿದ್ದರೆ ವಿಮಾ ತಕರಾರು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ. ಅದಕ್ಕೆ ವಕೀಲರು ಬೇಕಿಲ್ಲ.

ಕಂಪನಿಯ ಗುಂಪು ವಿಮೆ ಇರುವವರದು ಅದೃಷ್ಟ, ಹಲವು ಗುಂಪು ಪಾಲಿಸಿಗಳಲ್ಲಿ ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ರಕ್ಷಣೆ ಇರುತ್ತದೆ. ಆದರೆ ಅದು ನೌಕರಿ ಇರುವತನಕ. ಹಾಗಾಗಿ ಸಣ್ಣದಾದರೂ ಒಂದು ಸ್ವಂತ ಪಾಲಿಸಿ ಇಂದೇ ಶುರು ಮಾಡಿ, ನೌಕರಿ ಬಿಡುವ ಹೊತ್ತಿಗೆ ಅದರ 36 ತಿಂಗಳು ಮುಗಿದಿರಲಿ.

ತೆರಿಗೆ

ಎಲ್ಲರೂ 80ಡಿಡಿ ಅನ್ನುತ್ತಾರೆ, ವಿಕಲಚೇತನ ಅವಲಂಬಿತರಿರುವವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ ಅದು. ವಿಕಲತೆ 40 ಶೇಕಡ ಇಲ್ಲವೇ ಹೆಚ್ಚಿದ್ದರೆ 75,000, 80 ಇಲ್ಲವೇ ಹೆಚ್ಚಿದ್ದರೆ 1,25,000 ಕಡಿತ, ಖರ್ಚಿನ ರಸೀದಿ ಕೇಳದೆ. 20 ಶೇಕಡ ಹಂತದಲ್ಲಿರುವವರಿಗೆ 1,25,000ಕ್ಕೆ ಸೆಸ್ ಸೇರಿ 26,000 ಉಳಿತಾಯ. ಆದರೆ ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳದಿರುವಾಗ, ಈ ಕಡಿತದ ಆಸೆಗೆ ಹಳೆಯದರಲ್ಲೇ ಉಳಿಯುವುದು ಹೆಚ್ಚಿನವರಿಗೆ ನಷ್ಟ. ಎರಡೂ ರೀತಿ ಲೆಕ್ಕ ಹಾಕಿಸಿ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದು ಕಲಂ ಸಂಖ್ಯೆ ಬದಲಾಗಿದೆ, ಹಳೆಯ ಫಾರಂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಕಡಿಮೆ ಜನಕ್ಕೆ ಗೊತ್ತಿರುವುದು ಇನ್ನೊಂದಿದೆ. ಸಾಮಾನ್ಯವಾಗಿ ಅಪ್ರಾಪ್ತ ಮಗುವಿನ ಹೆಸರಿನ ಠೇವಣಿಯ ಬಡ್ಡಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಕಾಯ್ದೆ ಗುರುತಿಸಿದ ಅಂಗವೈಕಲ್ಯ ಇರುವ ಮಗುವಿನದು ಸೇರುವುದಿಲ್ಲ, ಮಗುವಿನದೇ ಆದಾಯ. ಮಗುವಿಗೊಂದು ಪ್ಯಾನ್ ಮಾಡಿಸಿ. ಹಾಗಂತ ಇದ್ದದ್ದೆಲ್ಲ ಮಗುವಿನ ಹೆಸರಿಗೆ ಹಾಕಬೇಡಿ, ಕಾರಣ ಮುಂದೆ.

ನಾವಿಲ್ಲದ ಮೇಲೆ

ಮಾದರಿ ಲೆಕ್ಕದ 2,25,600ನ್ನು 40 ವರ್ಷಕ್ಕೆ ಗುಣಿಸಿದರೆ 90,24,000. ಬಡ್ಡಿ ಬೆಲೆಯೇರಿಕೆಗೆ ಸಮವಾಗುತ್ತದೆ ಎಂದುಕೊಂಡರೆ ಇಷ್ಟು ಮೊತ್ತ ಬೇಕು. ತಂದೆತಾಯಿ ಇಬ್ಬರ ಟರ್ಮ್ ವಿಮೆ (ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ಪಾಲಿಸಿ) ಸೇರಿ ಇದನ್ನು ಮುಟ್ಟಬೇಕು, ಮಗುವಿನ ಹೆಸರಿನ, ಉಳಿತಾಯ ಬೆರೆಸಿದ ಎಂಡೋಮೆಂಟ್ ಪಾಲಿಸಿ ಅಲ್ಲ. ಮನೆಯಲ್ಲಿ ದುಡಿಯದವರಿಗೂ ಆರೈಕೆ ಮಾಡುವ ಕೆಲಸದ ಬೆಲೆ ಇದೆ, ವಿಮೆ ಸಿಗುವುದಾದರೆ ಮಾಡಿಸಿ. ಸಾಲ ಇರುವ ರೈತರು, ವ್ಯಾಪಾರಿಗಳು ಟರ್ಮ್ ಪಾಲಿಸಿಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಲಿ. ಅರ್ಜಿಯ ಹೊತ್ತಿಗೇ ಒಂದು ಅಡಕ ಫಾರಂ ತುಂಬಿದರಾಯಿತು, ಸಾಲಗಾರರು ಆ ದುಡ್ಡಿಗೆ ಕೈಹಾಕಲಾರರು. ಪಾಲಿಸಿ ಬಂದ ಮೇಲೆ ನೆನಪಾದರೆ ಆಗದು.

ಬೌದ್ಧಿಕ ವಿಕಲತೆ ಇರುವ ಮಗುವಿಗೆ 18 ತುಂಬಿದ ದಿನ ಕಾನೂನಿನ ಕಣ್ಣಲ್ಲಿ ನೀವು ತಾನಾಗಿಯೇ ಪಾಲಕರಲ್ಲ. ಅದರ ಹೆಸರಿನ ಖಾತೆ ಬ್ಯಾಂಕಿನಲ್ಲಿ ನಿಂತುಹೋಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಪತ್ರ ಪಡೆಯಬೇಕು. 18ನೇ ಹುಟ್ಟುಹಬ್ಬದ ಹಿಂದಿನ ತಿಂಗಳುಗಳಲ್ಲೇ ಅರ್ಜಿ ಸಿದ್ಧವಾಗಿರಲಿ.

ದತ್ತು ಮಗುವಿಗೆ ಆಸ್ತಿಯಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಷ್ಟೇ ಹಕ್ಕಿದೆ. ಕಾಯ್ದೆ ಹಾಗೆ ಹೇಳಿದರೂ ವಾರಸಾ ಹೊತ್ತಿನಲ್ಲಿ ಅಣ್ಣತಮ್ಮಂದಿರು ತಕರಾರು ತೆಗೆಯುವುದು ಹೊಸದಲ್ಲ. ಸ್ವಂತ ಗಳಿಕೆಗೆ ಮೃತ್ಯುಪತ್ರ ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಹೊಲವನ್ನು ನೇರ ಮಗುವಿನ ಹೆಸರಿಗೆ ಬರೆದರೆ ಉತಾರದಲ್ಲಿ ಹೆಸರು ಬರುತ್ತದೆ, ಅದನ್ನು ನೋಡಿಕೊಳ್ಳುವವರಾರು ಎಂಬುದು ಬರುವುದಿಲ್ಲ. ಅದಕ್ಕೇ ಮೃತ್ಯುಪತ್ರದಲ್ಲಿ ಮಗುವಿನ ಸಲುವಾಗಿ ಒಂದು ಟ್ರಸ್ಟ್ ರಚಿಸಿ, ವಿಮೆಯ ದುಡ್ಡು ಮತ್ತು ಹೊಲದ ಉತ್ಪನ್ನ ಅದಕ್ಕೆ ಹೋಗುವಂತೆ ಬರೆಯಿಸಿ. ಇಬ್ಬರು ಟ್ರಸ್ಟಿಗಳಿರಲಿ, ಮಗುವನ್ನು ಸಾಕುವವರು ಬೇರೆಯೇ ಇರಲಿ. ಸಾಕುವ ಕೈಯಲ್ಲೇ ತಿಜೋರಿಯ ಕೀಲಿಕೈ ಇದ್ದರೆ ಲೆಕ್ಕ ಕೇಳುವವರು ಯಾರೂ ಉಳಿಯುವುದಿಲ್ಲ.

ಆ ಮೃತ್ಯುಪತ್ರದ ಜೊತೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಮೂರ್ಛೆಯ ಔಷಧ ಎಷ್ಟು ಎಂ.ಎಲ್., ಯಾವ ಹೊತ್ತಿಗೆ, ಯಾವ ತಿಂಡಿಗೆ ಗಂಟಲು ಕಟ್ಟುತ್ತದೆ, ಯಾವ ಮಾತಿಗೆ ನಗುತ್ತಾಳೆ, ನಿರಾಮಯ ಮಾರ್ಚ್ 31ಕ್ಕೆ ಮುಗಿಯುತ್ತದೆ, ಯುಡಿಐಡಿ ಯಾವಾಗ ಮುಗಿಯುತ್ತದೆ, ದತ್ತು ಆದೇಶದ ಮೂಲಪ್ರತಿ ಯಾವ ಬ್ಯಾಂಕಿನ ಲಾಕರಿನಲ್ಲಿದೆ. ಪ್ರತಿ ಯುಗಾದಿಗೆ ಹಳೆಯ ಡೋಸ್ ಹೊಡೆದುಹಾಕಿ ಹೊಸದು ಬರೆಯಿರಿ, ಪಕ್ಕದಲ್ಲಿ ದಿನಾಂಕ ಹಾಕಿ.